ಮೂಕಬಿಲ್ಲೆ

ಈ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡಬೇಕು. ಮೂಳೆ ಹೇಗೆ ಬೆಳೆಯುತ್ತದೆ ಎಂದು ಹೇಳಬೇಕಾದವರು ಅದನ್ನು ಓದಿ ಕಲಿತವರು. ಒಂದು ಮನೆಯ ಅಡುಗೆಕೋಣೆಯಲ್ಲಿ ನಡೆದದ್ದನ್ನು ಹೇಳಬೇಕಾದವರು ಆ ಮನೆಯವರು. ಎರಡೂ ಅಲ್ಲದವರು ನಡುವೆ ಬಾಯಿ ಹಾಕಿದರೆ ಎಲ್ಲಾದರೂ ಎಡವುವುದು ಖಂಡಿತ. ಎಡವಿದ ಕಡೆ ತಿಳಿದವರು ತಿದ್ದಿಕೊಂಡು ಓದಬೇಕು. ಹೇಳಬೇಕಾದವರೆಲ್ಲ ತಮ್ಮ ತಮ್ಮ ಕಾರಣಕ್ಕೆ ಸುಮ್ಮನಾಗಿಬಿಟ್ಟಿದ್ದರಿಂದ ಮಾತ್ರ ಈ ಧೈರ್ಯ.

ದಾವಣಗೆರೆಯ ಮಕ್ಕಳೆಲ್ಲ ಬಾಯಲ್ಲಿ ಬಿಲ್ಲೆ ಇಟ್ಟುಕೊಂಡು ಮಲಗುತ್ತಿದ್ದ ಕಾಲದ ಮಾತು ಇದು. ಬಿಲ್ಲೆ ಎಂದರೆ ವೀಳ್ಯದೆಲೆಯಷ್ಟು ತೆಳುವಾದ, ಅಂಗುಳಕ್ಕೆ ಅಂಟಿಕೊಂಡು ಕೂರುವ ಒಂದು ಹಾಳೆ. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಬಾಯೊಳಗಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಯಾವ ಬಾಯಿಯೋ ಅದೇ ಬಾಯಿಯ ಆಕಾರ ತಳೆಯುತ್ತದೆ. ಅದರ ನಡುವೆ ಸಾಸಿವೆಕಾಳಿನಷ್ಟು ಯಂತ್ರ. ಮಲಗಿದ ಮಗುವಿನ ನಾಲಿಗೆ ಮೇಲಕ್ಕೆ ತಾಗಿಕೊಂಡಿರುವಷ್ಟು ಹೊತ್ತು ಯಂತ್ರ ಸುಮ್ಮನಿರುತ್ತದೆ. ನಾಲಿಗೆ ಜಾರಿ ಕೆಳಗೆ ಬಿದ್ದು ಬಾಯಿ ತೆರೆದುಕೊಂಡರೆ ಅಂಗುಳದಲ್ಲಿ ಚುರುಚುರು ಎನ್ನಿಸುತ್ತದೆ. ಆಗ ಹಲ್ಲಿನ ಸಂದಿಯ ಚೂರನ್ನು ಹುಡುಕಿಕೊಂಡು ಹೋಗುವಂತೆ ನಾಲಿಗೆ ನಿದ್ದೆಯಲ್ಲೇ ಮೇಲೇರುತ್ತದೆ.

ಅದರಿಂದ ಏನು ಲಾಭ ಎಂದು ಕೇಳಿದವರಿಗೆ ಡಾಕ್ಟರ್ ನೀಲಾಂಬಿಕೆ ಕುಂಬಾರನ ಉದಾಹರಣೆ ಕೊಡುತ್ತಿದ್ದಳು. ಕುಂಬಾರ ಹಸಿ ಗಡಿಗೆಯ ಒಳಗೆ ಒಂದು ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಾನೆ. ಒಳಗೆ ಕಲ್ಲಿಲ್ಲದಿದ್ದರೆ ಗಡಿಗೆ ಒಳಕ್ಕೆ ಕುಸಿಯುತ್ತದೆ. ಮಗುವಿನ ಮೇಲ್ದವಡೆಯೂ ಹಸಿ ಗಡಿಗೆಯೇ. ಅದರ ಎರಡು ಅರ್ಧಗಳ ನಡುವಿನ ಹೊಲಿಗೆ ಇನ್ನೂ ಬಿಗಿದಿರುವುದಿಲ್ಲ. ಕೆನ್ನೆಗಳು ಹೊರಗಿನಿಂದ ಒತ್ತುತ್ತಲೇ ಇರುತ್ತವೆ. ಒಳಗೆ ನಾಲಿಗೆ ಎದುರು ನಿಂತರೆ ದವಡೆ ಅಗಲವಾಗುತ್ತದೆ, ಹಲ್ಲಿಗೆ ಜಾಗ ಸಿಗುತ್ತದೆ, ಮೂಗಿನ ದಾರಿ ತೆರೆಯುತ್ತದೆ. ನಾಲಿಗೆ ಕೆಳಗೆ ಬಿದ್ದರೆ ದವಡೆ ಕಿರಿದಾಗಿ ಮುಖ ಉದ್ದಕ್ಕೆ ಇಳಿಯುತ್ತದೆ. ಇದು ಅವಳ ಗುರು ಡಾಕ್ಟರ್ ಹೆಬ್ಬಳ್ಳಿಯವರ ಸಿದ್ಧಾಂತ. ಅವರು ಕಟ್ಟಿದ ಮುಖಾಸ್ಥಿ ಸಂಶೋಧನಾಲಯದಲ್ಲಿ ಬಿಲ್ಲೆ ವಿಭಾಗ ನೀಲಾಂಬಿಕೆಯದು.

ಸಂಶೋಧನಾಲಯದಲ್ಲಿ ಒಂದು ದೊಡ್ಡ ಗೋಡೆ ಇತ್ತು. ಅದರ ಮೇಲೆ ಜಿಲ್ಲೆಯ ಒಂದೊಂದು ಬಿಲ್ಲೆಗೂ ಒಂದೊಂದು ಚುಕ್ಕಿ, ಆ ಬಿಲ್ಲೆಯ ಯಂತ್ರ ಕಳಿಸಿದ ಸುದ್ದಿಯಂತೆ ಬೆಳಗುವುದು. ನಾಲಿಗೆ ಮೇಲಿದ್ದರೆ ಹಸಿರು, ಬಿದ್ದಿದ್ದರೆ ಹಳದಿ. ಬೆಳಿಗ್ಗೆ ಕೆಲಸಕ್ಕೆ ಬಂದವರು ಹಿಂದಿನ ರಾತ್ರಿಯನ್ನು ಬೇಗಬೇಗ ಓಡಿಸಿ ನೋಡುತ್ತಿದ್ದರು. ಹಳದಿ ಊರು ಸ್ವಲ್ಪ ಸ್ವಲ್ಪವಾಗಿ ಹಸಿರಾಗುವುದನ್ನು ನೋಡಿದಾಗಲೆಲ್ಲ ನೀಲಾಂಬಿಕೆಗೆ ಮೈ ಜುಮ್ಮೆನ್ನುತ್ತಿತ್ತು.

ಈ ಎಲ್ಲದಕ್ಕೂ ಆಧಾರ ಅವಳ ಮಕ್ಕಳು. ತುಂಗಾ ಮತ್ತು ಭದ್ರಾ ಅವಳಿಗಳು, ಒಂದೇ ಅಚ್ಚು. ಅವರಿಗೆ ಆರು ವರ್ಷವಾದಾಗ ಅವಳಿ ಮಕ್ಕಳ ಪ್ರಯೋಗ ಶುರುವಾಗಿತ್ತು. ಪ್ರತಿ ಜೋಡಿಯಲ್ಲಿ ಒಂದು ಮಗುವಿಗೆ ಚುರುಗುಟ್ಟುವ ಬಿಲ್ಲೆ. ಇನ್ನೊಂದಕ್ಕೆ ನೋಡಲು ಹಾಗೆಯೇ ಇದ್ದರೂ ಚುರುಗುಟ್ಟದ ಮೂಕಬಿಲ್ಲೆ. ಗುರುತಿಗೆ ಒಂದರ ಮೇಲೆ ಕೆಂಪು ಚುಕ್ಕಿ, ಇನ್ನೊಂದರ ಮೇಲೆ ನೀಲಿ; ಯಾವ ಬಣ್ಣದ್ದು ಚುರುಗುಟ್ಟುತ್ತದೆ ಎಂಬುದು ಮುಚ್ಚಿದ ಲಕೋಟೆಯಲ್ಲಿ. ಬೇರೆಯವರ ಮಕ್ಕಳನ್ನು ಕೇಳುವ ಮೊದಲು ನಮ್ಮವರನ್ನು ಕೊಡಬೇಕು ಎಂದು ನೀಲಾಂಬಿಕೆಯೇ ಮುಂದೆ ಬಂದಿದ್ದಳು. ತಾಯಿಗೆ ಸುಳಿವು ಸಿಕ್ಕರೆ ಲೆಕ್ಕ ಕೆಡುತ್ತದೆಂದು ಮಕ್ಕಳನ್ನು ಮಲಗಿಸುವ ಕೆಲಸವನ್ನು ಅತ್ತೆ ಹಾಲಮ್ಮನಿಗೆ ಬಿಟ್ಟು, ತಾನು ಮುಂದಿನ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿರುತ್ತಿದ್ದಳು. ಮಕ್ಕಳು ಅತ್ತರೂ ಎದ್ದು ಹೋಗುತ್ತಿರಲಿಲ್ಲ. ಮೂರು ವರ್ಷ ಹಾಗೆ ಕೂತಳು.

ಲಕೋಟೆ ಒಡೆಯುವ ಹೊತ್ತಿಗೆ ತುಂಗಾಳ ಮುಖ ಅಗಲವಾಗಿ, ದವಡೆ ತುಂಬಿ, ಹಲ್ಲು ಸಾಲುಗಟ್ಟಿ ನಿಂತಿದ್ದವು. ಭದ್ರಾಳ ಮುಖ ಉದ್ದಕ್ಕೆ ಇಳಿದು, ಹಲ್ಲು ಒಂದರ ಮೇಲೊಂದು ಹತ್ತಿದ್ದವು. ಲಕೋಟೆಯೊಳಗೆ ಕೆಂಪು ಚುಕ್ಕಿಯ ಚುರುಕುಬಿಲ್ಲೆ ತುಂಗಾಳದ್ದೆಂದಿತ್ತು, ನೀಲಿ ಚುಕ್ಕಿಯ ಮೂಕಬಿಲ್ಲೆ ಭದ್ರಾಳದ್ದು. ಉಳಿದ ಜೋಡಿಗಳಲ್ಲಿ ವ್ಯತ್ಯಾಸ ಕಂಡೂ ಕಾಣದಷ್ಟು. ಆದರೆ ಈ ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ಬಾರದವರಿಗೂ ಅರ್ಥವಾಗುತ್ತಿತ್ತು. ಆಮೇಲೆ ಭದ್ರಾಳಿಗೂ ಚುರುಕುಬಿಲ್ಲೆ ಹಾಕಿದರು, ಏನೂ ಬದಲಾಗಲಿಲ್ಲ. ಹೊತ್ತು ಮೀರಿತು, ಹೊಲಿಗೆ ಬಿಗಿಯಿತು ಎಂದರು ಹೆಬ್ಬಳ್ಳಿ.

ಮುಂದಿನ ವರ್ಷಗಳಲ್ಲಿ ಊರೇ ಬದಲಾಯಿತು. ಬಸ್ಸಿಗೆ ಕಾಯುವ ತಾಯಂದಿರು, "ನಾಲಿಗಿ ಮ್ಯಾಲೆ!" ಎಂದು ಮಕ್ಕಳ ಗದ್ದಕ್ಕೆ ಕೈ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ಓದಿದ್ದಾಳೆ ಎನ್ನುವ ಮೊದಲು ಎಷ್ಟು ವರ್ಷ ಬಿಲ್ಲೆ ಹಾಕಿದ್ದಾಳೆ ಎಂದು ಕೇಳುತ್ತಿದ್ದರು. ಉದ್ದ ಮುಖದ ಮಗು ಕಂಡರೆ ಜನ ಅದರ ತಾಯಿಯ ಕಡೆ ನೋಡುತ್ತಿದ್ದರು, ನೋಡಿಕೊಳ್ಳಲಾಗದವಳು ಎಂಬಂತೆ. ಆ ಮಕ್ಕಳಿಗೆ ಶಾಲೆಯಲ್ಲಿ ಹೆಸರೂ ಬಿತ್ತು, ಮೂಕಬಿಲ್ಲೆ ಎಂದು.

ಈಗ ಅವಳಿಗಳಿಗೆ ಹದಿನೈದು. ರಾಜ್ಯದ ಎಲ್ಲ ಅಂಗನವಾಡಿ ಮಕ್ಕಳಿಗೂ ಬಿಲ್ಲೆ ಕಡ್ಡಾಯ ಮಾಡುವ ಒಪ್ಪಂದಕ್ಕೆ ಸೋಮವಾರ ಸಹಿ ಬೀಳುವುದಿತ್ತು. ಅದಕ್ಕಿಂತ ಮೊದಲಿನ ಶುಕ್ರವಾರ ಸಂಜೆ ಭದ್ರಾ ಶಾಲೆಯಿಂದ ಬಂದವಳು ಚೀಲವನ್ನು ಅಡುಗೆಮನೆಯ ಬಾಗಿಲಲ್ಲೇ ಬಿಸುಟಳು. ಹಾಲಮ್ಮ ಒಗ್ಗರಣೆಗೆಂದು ಮಂಡಕ್ಕಿ ತೋಯಿಸುತ್ತಿದ್ದಳು. ನೀಲಾಂಬಿಕೆ ಈರುಳ್ಳಿ ಹೆಚ್ಚುತ್ತಿದ್ದಳು.

"ಬಸ್‌ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ನಾನು ಅದೀನಿ. ನೋಡಿದ್ಯಾ ಅಮ್ಮ?"

ನೀಲಾಂಬಿಕೆಯ ಕೈ ನಿಂತಿತು. "ಇಷ್ಟು ಬೇಗ ಹಚ್ತಾರೆ ಅಂತ ಗೊತ್ತಿರಲಿಲ್ಲ."

"ಹಚ್ತಾರೆ ಅಂತ ಗೊತ್ತಿತ್ತು. ಬೇಗ ಅನ್ನೋದಷ್ಟೇ ಗೊತ್ತಿರಲಿಲ್ಲ."

"ಹೆಸರು ಹಾಕಿಲ್ಲ ಪುಟ್ಟಿ."

"ಮುಖ ಹಾಕಿದ ಮ್ಯಾಲೆ ಹೆಸರು ಯಾಕೆ ಬೇಕು? ಈ ಕಡೆ ತುಂಗಾ, ಬಿಲ್ಲೆ ಇದ್ದ ಮುಖ. ಆ ಕಡೆ ನಾನು, ಇಲ್ಲದ ಮುಖ. ನಮ್ಮ ಕ್ಲಾಸಿನ ಹುಡುಗ್ರು ನನ್ನ ಚಿತ್ರದ ಪಕ್ಕ ಬಾಯಿ ತೆರ್ಕೊಂಡು ನಿಂತು ಫೋಟೋ ತೆಗೆಸ್ಕೊಳ್ತಿದ್ರು."

ಹಿಂದೆಯೇ ಬಂದ ತುಂಗಾ ಭದ್ರಾಳ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದಳು. "ನನ್ನ ಮುಖಕ್ಕೆ ಮೀಸಿ ಬರೆದಾರಮ್ಮ," ಎಂದಳು.

"ಒಂದು ಕೂಸಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಏನಾಗ್ತೈತಿ ಅಂತ ಕುಂತು ನೋಡಿದೆ ನೀನು," ಎಂದಳು ಭದ್ರಾ. ಅಳು ಬಂದು ಮಾತು ಒಡೆಯುತ್ತಿತ್ತು. "ನಾನು ಹಿಂಗಾಗೋದನ್ನ ದಿನಾ ಅಳತೆ ತಗೊಂಡೆ. ಈಗ ನನ್ನ ಕೇಳದೇ ಗ್ವಾಡಿಗೆ ಹಚ್ಚೋಕೆ ಹೂಂ ಅಂದೆ. ನಾನು ನಿನ್ನ ಹೊಟ್ಟೇಲಿ ಹುಟ್ಟಿದೀನೋ, ನಿನ್ನ ಲ್ಯಾಬಲ್ಲಿ ಹುಟ್ಟಿದೀನೋ?"

ಆಗ ಹಾಲಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಮ್ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಸಾಕು ಬಿಡು ನನ್ನವ್ವ, ಅಳಬ್ಯಾಡ. ನಿನಗೆ ಯಾರೂ ಕಡಿಮೆ ಮಾಡಿಲ್ಲ. ನಿಮ್ಮಮ್ಮ ಕೊಡದಿದ್ರೇನಾತು? ನಾನು ಇಬ್ಬರಿಗೂ ಸಮ ಹಾಕೀನಿ."

ನೀಲಾಂಬಿಕೆ ಚಾಕು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು.

"ಏನು ಸಮ ಹಾಕೀರಿ ಅತ್ತಿ?" ಎಂದಳು ನೀಲಾಂಬಿಕೆ.

"ಬಿಲ್ಲೆ ಕಣವ್ವ. ಇವತ್ತು ಇವಳಿಗೆ ಕೆಂಪಂದು ಹಾಕಿದ್ರೆ ನಾಳೆ ಅವಳಿಗೆ. ಬಿಸಿನೀರಿಗೆ ಅದ್ದಿ ಒತ್ತಿದ್ರೆ ಯಾರ ಬಾಯಿಗೂ ಕೂರ್ತೈತಿ. ಹಂಗೇ ಬಂತು, ಕಡೀತನಕ."

"ಯಾವುದು ಏನು ಅಂತ ನನಗೇ ಗೊತ್ತಿರಲಿಲ್ಲ. ನಿಮಗೆ ಹೆಂಗ ಗೊತ್ತಾತು?"

ಹಾಲಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕೂಸಿನ ಬಾಯಿಗೆ ಇಡೋದನ್ನ ನನ್ನ ಬಾಯಿಗೆ ಇಟ್ಟು ನೋಡದೆ ಎಂದಾದ್ರೂ ಕೊಟ್ಟೀನಾ? ಹಾಲಾದ್ರೂ ಅಷ್ಟೇ, ಔಷಧಿ ಆದ್ರೂ ಅಷ್ಟೇ. ಮೊದಲನೇ ದಿನಾನೇ ನೋಡಿದೆ. ಕೆಂಪಂದು ಚುರುಗುಟ್ತು. ನೀಲೀದು ಸತ್ತಂಗ ಇತ್ತು. ಅವಳಿ ಕೂಸು ನೀಲಾ! ಒಂದಕ್ಕೆ ಅನ್ನ ಬಡಿಸಿ ಇನ್ನೊಂದಕ್ಕೆ ಬರೀ ತಾಟು ಇಡೋಕಾಗ್ತೈತಾ? ನಮ್ಮಲ್ಲಿ ಒಂದು ಬಳೆ ತಂದ್ರೂ ಎರಡು ಜೊತೆ ತರ್ತೀವಿ."

ಕೆಂಪು ಬಿಲ್ಲೆಗೆ ಸೇರಿದ ಗೋಡೆಯ ಹಸಿರು ಚುಕ್ಕಿ ನೀಲಾಂಬಿಕೆಯ ಕಣ್ಣ ಮುಂದೆ ಬಂತು. ಬಿಲ್ಲೆಗೆ ನಾಲಿಗೆ ಗೊತ್ತು, ಮಗು ಗೊತ್ತಿಲ್ಲ. ಯಾರ ಬಾಯಲ್ಲಿದ್ದರೂ ಚುರುಕುಬಿಲ್ಲೆ ನಾಲಿಗೆಯನ್ನು ಎಬ್ಬಿಸಿತ್ತು, ಗೋಡೆಯ ಮೇಲೆ ಹಸಿರು ಬಿದ್ದಿತ್ತು. ಅದನ್ನು ಅವಳು ತುಂಗಾಳ ನಾಲಿಗೆ ಎಂದು ಬರೆದುಕೊಂಡಿದ್ದಳು.

ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿದವಳು ಭದ್ರಾ. ಅವಳು ಅಳು ನಿಲ್ಲಿಸಿ ಅಜ್ಜಿಯ ಸೆರಗಿನಿಂದ ತಲೆ ಎತ್ತಿದಳು. "ಇಬ್ಬರಿಗೂ ಅರ್ಧ ಅರ್ಧ ಅಂದ್ರೆ, ನಾನು ಹಿಂಗಾಗಿದ್ದು ಬಿಲ್ಲೆ ಇಲ್ಲದ್ದಕ್ಕಲ್ಲ. ಸುಮ್ನೆ ಹಿಂಗಾಗೀನಿ." ಆ ದನಿಯಲ್ಲಿ ಸಮಾಧಾನವಿರಲಿಲ್ಲ. ಆ ಕ್ಷಣದವರೆಗೆ ಅವಳ ಸಿಟ್ಟಿಗೆ ಒಂದು ವಿಳಾಸವಾದರೂ ಇತ್ತು.

ನೀಲಾಂಬಿಕೆಯ ಗಂಡ ಕೊಟ್ರೇಶ ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುವವನು. ಅವನು ಬಂದು ಕೈ ತೊಳೆಯುತ್ತಿದ್ದಾಗಲೇ ಅವಳು ಬಿಲ್ಲೆಯ ವಿಷಯ ಕೇಳಿದಳು. ಅವನು ನಲ್ಲಿ ನಿಲ್ಲಿಸಲಿಲ್ಲ; ಗ್ರೀಸು ಹೋದ ಮೇಲೂ ತಿಕ್ಕುತ್ತಲೇ ಇದ್ದ. ಅಷ್ಟರಲ್ಲೇ ಅವಳಿಗೆ ತಿಳಿಯಿತು.

"ನಿಮಗೂ ಗೊತ್ತಿತ್ತು."

"ಅವ್ವ ಆವಾಗಲೇ ಹೇಳಿದ್ಲು. ನಿನಗೆ ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ, ಒಂದು ಕೂಸಿಗೆ ಮೋಸ ಆಗ್ತಿತ್ತು. ಆಮೇಲೆ ಹೇಳೋಣ ಅಂದ್ರೆ, ಲಕೋಟೆ ಒಡೆದ ದಿನ ನೀನು ಕುಣ್ಕೊಂತ ಬಂದಿ. ಯಾವ ಬಾಯಿಂದ ಹೇಳ್ಲಿ?"

"ಕೂಸಿಗೆ ಮೋಸ ಆಗಬಾರದು, ನನಗಾದ್ರೆ ನಡೀತೈತಿ."

"ಹಂಗಲ್ಲ ನೀಲಾ..."

"ಮತ್ತೆ ಹೆಂಗ್ರಿ?"

ನೀಲಾಂಬಿಕೆಗೆ ಆ ಮುಂದಿನ ಕೋಣೆ ನೆನಪಾಯಿತು. ಮಕ್ಕಳ ಅಳು ಕೇಳಿಸದಿರಲೆಂದು ರೇಡಿಯೋ ಜೋರು ಮಾಡಿಕೊಂಡು, ಪ್ರಾಮಾಣಿಕತೆಗಾಗಿ ಕೂತಿದ್ದ ಸಂಜೆಗಳು. ಆ ಬಾಗಿಲ ಆಚೆ ಮನೆಮಂದಿಯೆಲ್ಲ ಒಂದಾಗಿದ್ದರು, ಈಚೆ ಅವಳೊಬ್ಬಳು. ಅವರು ಕೆಟ್ಟದ್ದನ್ನು ಬಯಸಿ ಮಾಡಿದ್ದಲ್ಲ ಎಂಬುದೇ ಅವಳಿಗೆ ಹೆಚ್ಚು ಉರಿಯಿತು. ಕೆಟ್ಟದ್ದಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಶನಿವಾರ ಬೆಳಿಗ್ಗೆ ಅವಳು ಹೆಬ್ಬಳ್ಳಿಯವರ ಕೋಣೆಗೆ ಹೋದಳು. ಧಾರವಾಡ ಸೀಮೆಯಿಂದ ಬಂದು ಈ ಊರಲ್ಲಿ ನೆಲೆಸಿದ ಮನುಷ್ಯ. ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತು ಅಕ್ಷತೆ ಹಾಕಿದವರು. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರ್ಯಾರಿಗೆ ಹೇಳೀ ಇದನ್ನ?"

ಅವರು ಕೇಳಿದ ಮೊದಲ ಪ್ರಶ್ನೆ ಅದು. ಹೌದಾ ಎನ್ನಲಿಲ್ಲ, ಹೇಗಾಯಿತು ಎನ್ನಲಿಲ್ಲ. ನೀಲಾಂಬಿಕೆಗೆ ನಿನ್ನೆ ಸಂಜೆ ನಿಲ್ಲದೆ ಹರಿಯುತ್ತಿದ್ದ ನಲ್ಲಿಯ ಸದ್ದು ಮತ್ತೆ ಕೇಳಿಸಿದಂತಾಯಿತು.

"ಸರ್, ನಿಮಗೂ...?"

"ಕೂಡು, ನೀಲಾಂಬಿಕಾ." ಅವರ ದನಿ ಎಂದಿನಂತೆಯೇ ಮೃದುವಾಗಿತ್ತು. "ಎರಡನೇ ವರ್ಷದಾಗ ಭದ್ರಾನ ಮುಂದಿನ ಹಾಲುಹಲ್ಲು ಮೊದಲ ಬಿದ್ದಿತ್ತು, ನೆನಪದ ಏನು? ತುಂಗಾಂದು ಇನ್ನೂ ಇತ್ತು. ತೊಳಿಯಾಕ ಬಂದ ತುಂಗಾನ ಕೆಂಪು ಬಿಲ್ಲೆಯ ಅಂಚಿನ ಮ್ಯಾಲೆ ಆ ಖಾಲಿ ಜಾಗದ ಅಚ್ಚು ಬಿದ್ದಿತ್ತು. ಅವತ್ತ ನನಗ ತಿಳೀತು, ನಿಮ್ಮ ಮನಿಯಾಗ ಯಾರೋ ಅದಲು ಬದಲು ಮಾಡಾಕ ಹತ್ಯಾರ ಅಂತ."

"ತಿಳಿದೂ ಬರೆದ್ರಿ."

"ಬಿಲ್ಲೆ ಕೆಲಸ ಮಾಡ್ತದ ಅಂತ ನನಗ ಖಾತ್ರಿ ಇತ್ತು. ಸಾಕ್ಷಿ ಒಂಚೂರು ಹೊಲಸಾಗಿತ್ತು, ಅಷ್ಟ."

"ಖಾತ್ರಿ ಎಲ್ಲಿಂದ ಬಂತು ಸರ್?"

"ನಿನ್ನ ಮಗಳ ಮುಖ ನೋಡು."

"ಆ ಮುಖ ಬಿಲ್ಲೆಯಿಂದ ಬಂತು ಅನ್ನೋಕೇ ತಾನೆ ಸಾಕ್ಷಿ ಬೇಕಾಗಿದ್ದು?"

ಹೆಬ್ಬಳ್ಳಿ ನಕ್ಕರು. ಅವಳು ವಿದ್ಯಾರ್ಥಿನಿಯಾಗಿದ್ದಾಗ ಒಳ್ಳೆಯ ಪ್ರಶ್ನೆ ಕೇಳಿದರೆ ನಗುತ್ತಿದ್ದ ಅದೇ ನಗು. "ಸೋಮವಾರ ಸುಮ್ನ ಇದ್ದುಬಿಡವಾ. ಮುಂದ ನಾವ ಕೂಡಿ ಹೊಸಾ ಪ್ರಯೋಗ ಮಾಡೋಣು. ಈ ಸಲ ಭಾಳ ಎಚ್ಚರಿಕಿಯಿಂದ."

"ಎಲ್ಲಾ ಮಕ್ಕಳ ಬಾಯಿಗೂ ಬಿಲ್ಲೆ ಬಿದ್ದ ಮ್ಯಾಲೆ, ಹೋಲಿಸಿ ನೋಡೋಕೆ ಬಿಲ್ಲೆ ಇಲ್ಲದ ಮಗು ಎಲ್ಲಿ ಸಿಗ್ತೈತಿ ಸರ್?"

ಅದಕ್ಕೆ ಅವರು ನಗಲಿಲ್ಲ.

ಸೋಮವಾರ ಅಧಿಕಾರಿಗಳು ಬಂದು ಚುಕ್ಕಿಗಳ ಗೋಡೆಯ ಮುಂದೆ ಸಾಲಾಗಿ ಕೂತರು. ನೀಲಾಂಬಿಕೆಯ ಸರದಿ ಬಂದಾಗ ಅವಳು ಎದ್ದು ನಿಂತು, ಅತ್ತೆ ಬಾಯಿಗಿಟ್ಟು ನೋಡಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಒಂದೆರಡು ಕಡೆ ಹೇಳಿದ್ದನ್ನೇ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ಕಾರ್ಯದರ್ಶಿ ಪೆನ್ನು ಕೆಳಗಿಟ್ಟರು.

"ಹಾಗಾದರೆ ಬಿಲ್ಲೆ ಕೆಲಸ ಮಾಡುವುದಿಲ್ಲ ಅನ್ನುತ್ತೀರಾ?"

"ಗೊತ್ತಿಲ್ಲ ಮೇಡಂ."

"ಮಾಡುತ್ತದೆ ಅನ್ನುತ್ತೀರಾ?"

"ಅದೂ ಗೊತ್ತಿಲ್ಲ. ಗೊತ್ತಿದೆ ಅಂತ ಇಷ್ಟು ವರ್ಷ ಹೇಳಿದ್ದು ತಪ್ಪು ಅನ್ನೋದಷ್ಟೇ ಗೊತ್ತು."

ಹೆಬ್ಬಳ್ಳಿ ಎದ್ದು ನಿಂತರು. ಅವರ ಮುಖದಲ್ಲಿ ನಿಜವಾದ ನೋವಿತ್ತು ಎಂದು ಅಲ್ಲಿದ್ದವರು ಹೇಳುತ್ತಾರೆ. "ಮನೆಯ ಹಿರಿಯರೊಬ್ಬರ ಮೂಢನಂಬಿಕೆಯಿಂದ ಒಂದು ಜೋಡಿಯ ಲೆಕ್ಕ ಕೆಟ್ಟಿದೆ," ಎಂದರು. "ನನಗೂ ಇದು ತಿಳಿದದ್ದು ಮೊನ್ನೆಯಷ್ಟೇ, ಡಾಕ್ಟರ್ ನೀಲಾಂಬಿಕೆ ಬಂದು ಹೇಳಿದಾಗ. ತಮ್ಮ ಮನೆಯನ್ನೇ ಕಾಯಲಾಗದವರ ಕೈಗೆ ಇಂಥ ಪ್ರಯೋಗ ಕೊಟ್ಟದ್ದು ನನ್ನ ತಪ್ಪು."

"ಮೊನ್ನೆಯಲ್ಲ ಸರ್," ಎಂದಳು ನೀಲಾಂಬಿಕೆ. "ಕೆಂಪು ಬಿಲ್ಲೆ ತರಿಸಿ. ಅದರ ಅಂಚು ಇವರಿಗೆ ತೋರಿಸಿ."

"ಹಳೇ ಬಿಲ್ಲೆಗಳನ್ನೆಲ್ಲ ಕರಗಿಸಿ ಹೊಸದು ಮಾಡುತ್ತೇವೆ. ಅದು ನಿಮಗೂ ಗೊತ್ತು."

ಅದು ಅವಳಿಗೆ ಗೊತ್ತಿತ್ತು. ಏನೂ ದಂಡವಾಗಬಾರದೆಂದು ಆ ಪದ್ಧತಿ ತಂದವಳು ಅವಳೇ. ಅವಳು ಕೂತಳು. ಅಕ್ಕಪಕ್ಕದ ಕುರ್ಚಿಗಳಲ್ಲಿದ್ದ ಅವಳದೇ ವಿಭಾಗದವರು ಗೋಡೆಯ ಕಡೆ ನೋಡುತ್ತಿದ್ದರು.

ಅಂದು ಸಹಿಯಾಗಲಿಲ್ಲ. ಕೆಲವು ತಿಂಗಳ ಮೇಲೆ, ಕಡ್ಡಾಯ ಎಂಬ ಮಾತನ್ನು ತೆಗೆದು ಇಷ್ಟವಿದ್ದವರಿಗೆ ಎಂದು ಬರೆದು ಸಹಿ ಮಾಡಿದರು. ಇಷ್ಟವಿಲ್ಲ ಎನ್ನುವ ಧೈರ್ಯ ಯಾವ ತಾಯಿಗಿತ್ತು? ನೀಲಾಂಬಿಕೆಯನ್ನು ಕೆಲಸದಿಂದ ಬಿಡಿಸಿದರು. ಪತ್ರಿಕೆಗಳು ಹಾಲಮ್ಮನನ್ನು ಬಿಲ್ಲೆ ಅಜ್ಜಿ ಎಂದು ಕರೆದು ವ್ಯಂಗ್ಯಚಿತ್ರ ಬರೆದವು. ಹಾಲಮ್ಮ ಕಿರಾಣಿ ಅಂಗಡಿಗೆ ಹೋಗುವುದನ್ನೂ ಬಿಟ್ಟಳು. ಸೊಸೆ ಎದುರಾದಾಗಲೆಲ್ಲ, "ನಾನು ಕೂಸಿಗೆ ಕೇಡು ಮಾಡಿದ್ನೇನವ್ವ?" ಎಂದು ಕೇಳುತ್ತಿದ್ದಳು. ಇಲ್ಲ ಅತ್ತಿ ಎನ್ನುವುದು ನೀಲಾಂಬಿಕೆಗೆ ಸುಲಭವಿತ್ತು. ಅವಳು ಅನ್ನಲಿಲ್ಲ, ಹೌದೆಂದೂ ಅನ್ನಲಿಲ್ಲ. ತಟ್ಟೆ ಹಾಕಿ ಊಟಕ್ಕೆ ಕರೆಯುತ್ತಿದ್ದಳು. ಗಂಡನ ಜೊತೆ ಮನೆಖರ್ಚಿನ ಮಾತು, ಮಕ್ಕಳ ಶಾಲೆಯ ಮಾತು ನಡೆಯುತ್ತಿದ್ದವು. ಅದರಾಚೆಗಿನ ಮಾತು ಮತ್ತೆ ಶುರುವಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳು ಬಕೆಟ್ಟಿನಲ್ಲಿ ನೀರು, ಒಂದು ಗಾರೆಯ ಕರಣೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಭದ್ರಾ ಕರೆಯದಿದ್ದರೂ ಹಿಂದೆ ಬಂದಳು. ಇಬ್ಬರೂ ಗೋಡೆ ತೋಯಿಸಿ ಕಾಗದ ಕೆರೆಯತೊಡಗಿದರು. ನಿಂತು ನೋಡುತ್ತಿದ್ದ ಶೇಂಗಾ ಮಾರುವವನು, "ಯಾರ ಪರ್ಮಿಷನ್ ತಗೊಂಡೀರಿ ಮೇಡಮ್ಮಾರೆ?" ಎಂದ.

"ಹಚ್ಚೋವಾಗ ಯಾರ ಪರ್ಮಿಷನ್ ತಗೊಂಡಿದ್ರು?" ಎಂದಳು ಭದ್ರಾ. ಅವನು ಅವಳ ಮುಖ ನೋಡಿ, ಗೋಡೆ ನೋಡಿ, ಗಾಡಿ ತಳ್ಳಿಕೊಂಡು ಹೋದ.

ಭದ್ರಾಳ ಚಿತ್ರದ ಅರ್ಧ ಕೆಳಗೆ ಬಿದ್ದಾಗ ಅವಳು ಕೈ ನಿಲ್ಲಿಸಿದಳು. "ಅಮ್ಮ, ಹಂಗಾದ್ರೆ ನನ್ನ ಮುಖ ಯಾಕೆ ಹಿಂಗಾತು?"

ಕಾರಣಗಳ ಸಾಲೇ ನೀಲಾಂಬಿಕೆಯ ನಾಲಿಗೆಯ ತುದಿಯಲ್ಲಿತ್ತು: ಮೂಗು ಕಟ್ಟಿದ್ದಿರಬಹುದು, ಒಂದೇ ಮಗ್ಗುಲಲ್ಲಿ ಮಲಗಿದ್ದಿರಬಹುದು, ಹುಟ್ಟುವ ಮೊದಲೇ ಏನೋ ಆಗಿರಬಹುದು. ಪ್ರತಿಯೊಂದನ್ನೂ ನಂಬುವ ಹಾಗೆ ಹೇಳಲು ಅವಳಿಗೆ ಬರುತ್ತಿತ್ತು.

"ಗೊತ್ತಿಲ್ಲ ಭದ್ರಾ," ಎಂದಳು.

ಮಗಳು ತಾಯಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಮತ್ತೆ ಕೆರೆಯತೊಡಗಿದಳು. ಕ್ಷಮಿಸಿದಳೆಂದು ಹೇಳಲಾಗದು.

ನಾಲಿಗೆ ಒತ್ತಿದ್ದರಿಂದ ಮೂಳೆ ಅಗಲವಾಗುತ್ತದೋ, ಮೂಳೆ ಅಗಲವಾಗಿ ನಾಲಿಗೆಗೆ ಮೇಲೇಳಲು ಜಾಗ ಕೊಡುತ್ತದೋ, ಎರಡೂ ಸ್ವಲ್ಪ ಸ್ವಲ್ಪ ನಿಜವೋ, ಆ ಪ್ರಯೋಗದಿಂದ ತಿಳಿಯಲಿಲ್ಲ. ಹಾಲಮ್ಮ ನಿಜಕ್ಕೂ ಸಮವಾಗಿ ಹಾಕಿದಳೋ, ಆಯಾಸವಾದ ದಿನ ಯಾರಿಗೆ ಹಾಕಿದೆನೆಂದು ಮರೆತಳೋ, ಅದನ್ನು ಅವಳೂ ಹೇಳಲಾರಳು. ಮಕ್ಕಳು ನಿದ್ದೆಯಲ್ಲಿ ಬಿಲ್ಲೆ ಉಗುಳಿದ್ದಿರಬಹುದು. ಬಿಲ್ಲೆ ಹಾಕಿ ಬೆಳೆದ ಅಷ್ಟು ಮಕ್ಕಳಿಗೆ ಒಳ್ಳೆಯದಾಯಿತೋ, ಕೆಟ್ಟದ್ದಾಯಿತೋ, ಏನೂ ಆಗಲಿಲ್ಲವೋ, ಅದನ್ನು ಅಳೆಯುವವರು ಯಾರೂ ಇರಲಿಲ್ಲ. ಒಂದೇ ಬಸಿರಿನ ಆ ಎರಡು ಮುಖಗಳು ಯಾಕೆ ಬೇರೆಯಾದವು ಎಂಬುದು ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.